ಟೋಪಿ ಏಳುವವರೆಗೆ

ಎಡಗಾಲಿನ ಬೂಟಿನೊಳಕ್ಕೆ ತಣ್ಣಗೆ ಏನೋ ಇಳಿದಂತಾಯಿತು, ಮತ್ತೆ ಸೋರುತ್ತಿದೆ, ಎಸೆಯೇ ಮಾರಾಯ್ತಿ ಅದನ್ನ ಅಂತ ಗಂಡ ಎಲ್‌ವುಡ್ ಕಳೆದ ಅಕ್ಟೋಬರಿನಲ್ಲೇ ಹೇಳಿದ್ದ, ಯಾಕೆ ಎಸೀಬೇಕು, ಬಲಗಾಲಿಂದು ಚೆನ್ನಾಗೇ ಇದೆಯಲ್ಲ ಎಂದು ಆರ್ಲೀನ್ ಉಳಿಸಿಕೊಂಡಿದ್ದಳು — ಜೋಡಿಯಲ್ಲಿ ಒಂದು ಚೆನ್ನಾಗಿದ್ದರೆ ಸಾಕೇ, ಸಾಲದು, ಈಗ ಗೊತ್ತು — ಕಾಲ ಕೆಳಗೆ ಕೆನಡಾದ ಫಂಡಿ ಕೊಲ್ಲಿಯ ಕೆಂಪು ಕೆಸರು, ಇಳಿತಕ್ಕೆ ನೀರು ದೂರ ಸರಿದಿದೆ, ಕಡಲೊಳಗಿನ ಆ ಒಂಟಿ ಬಂಡೆಯ ಬುಡದ ತನಕ ನಡೆದುಹೋಗಬಹುದು, ಸರಿದದ್ದು ತಿರುಗಿ ಬರುತ್ತದೆ, ನೀರಾದರೆ ಬರುತ್ತದೆ. ಹಿಂದೆ ರಸ್ತೆ ಬದಿಯಲ್ಲಿ ಫೋಟೋ ಕ್ಲಬ್ಬಿನವರ ಕಾರುಗಳು, ಕ್ಲೇಟನ್ ಡಿಕ್ಕಿ ತೆರೆದು ಡೋನಟ್ ಹಂಚುತ್ತಿದ್ದಾನೆ, ಕ್ಲಬ್ಬಿನ ಅಧ್ಯಕ್ಷನಿಗೆ ಇರುವ ಅಧಿಕಾರ ಅದೊಂದೇ, ಕೇಳ್ರಪ್ಪಾ, ನೀರು ಏರೋಕೆ ಶುರುವಾದ್ರೆ ಹಾರ್ನ್ ಹೊಡೀತೀನಿ, ಹೊಡೆದ ಮೇಲೆ ಇನ್ನೊಂದೇ ಒಂದು ಅಂತ ಯಾರೂ ನಿಲ್ಲೋ ಹಾಗಿಲ್ಲ, ಹೋದ್ಸಲ ಒಬ್ಬನ ಪ್ಯಾಂಟು ಹಿಂಡಿ ಹಿಂಡಿ ನನಗೆ ಸಾಕಾಯ್ತು. ಎಲ್ಲರೂ ನಕ್ಕರು, ಆರ್ಲೀನ್ ಕೂಡ ನಕ್ಕಳು, ನಗು ಮುಗಿದ ಮೇಲೆ ಇಬ್ಬಿಬ್ಬರಾಗಿ ದೀಪಸ್ತಂಭದ ಕಡೆ ನಡೆದರು, ಜೋಸೆಟ್ ಒಬ್ಬಳು ಹಿಂದೆ ಉಳಿದಳು, ಬಾರೇ ನಮ್ ಜೊತೆ, ದೀಪದ ಕಂಬ ಎಲ್ಲೂ ಓಡಿಹೋಗಲ್ಲ, ಯಾರು ತೆಗೆದ್ರೂ ಚೆನ್ನಾಗೇ ಬರುತ್ತೆ, ಇಲ್ಲ ಕಣೇ ನನಗೆ ಆ ಬಂಡೆ ಬೇಕು, ಬಂಡೆ ಬಂಡೆ ಬಂಡೆ, ನಿನ್ನ ಗಂಡನಿಗೂ ಅದೇ ಹುಚ್ಚು, ನಿನಗೂ ಅದೇ, ಸರಿ ಬಿಡು, ನಾನೇ ಹೋಗಿ ಅಲ್ಲಿ ನಿಂತ್ಕೊಳ್ಲಾ ನಿನ್ನ ಬದಲು? ಬೇಡ ಅಂದಳು ಆರ್ಲೀನ್, ತೀರಾ ಬೇಗ ಅಂದುಬಿಟ್ಟಳು, ಜೋಸೆಟ್‌ಳ ಮುಖ ಸಣ್ಣದಾಯಿತು, ಪಾಪ, ಒಳ್ಳೆಯವಳು, ಎಲ್‌ವುಡ್‌ನನ್ನು ಮಣ್ಣು ಮಾಡಿ ಬಂದ ದಿನ ಮೀನಿನ ಸಾರಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ತಂದವಳು, ಆದರೂ ಆ ಜಾಗದಲ್ಲಿ ಇನ್ನೊಬ್ಬಳನ್ನು ನಿಲ್ಲಿಸುವುದೇ. ಜೋಸೆಟ್ ಹೋದಳು, ಅವಳ ಬೂಟಿನ ಗುರುತಿನಲ್ಲಿ ನೀರು ತುಂಬಿಕೊಂಡಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇಲ್ಲಿ ನೆಲ ನಿಜವಾಗಿಯೂ ಡೊಂಕು, ಟ್ರೈಪಾಡಿನ ಒಂದು ಕಾಲು ಕೆಸರಿಗೆ ಇಳಿಯುತ್ತದೆ, ಇನ್ನೊಂದು ಕಲ್ಲಿನ ಮೇಲೆ ಜಾರುತ್ತದೆ, ಎಲ್‌ವುಡ್ ನಿಲ್ಲಿಸಿದರೆ ಕಟ್ಟಿಹಾಕಿದ ಹಸುವಿನ ಹಾಗೆ ನಿಲ್ಲುತ್ತಿತ್ತು. ಅವನ ಉಣ್ಣೆಯ ಟೋಪಿ ಹಾಕಿಕೊಂಡೇ ಬಂದಿದ್ದಳು, ಕ್ಯಾಮೆರಾಕ್ಕೆ ಕಣ್ಣಿಟ್ಟರೆ ಹುಬ್ಬಿನ ಮೇಲೆ ಜಾರುತ್ತದೆ, ಎಷ್ಟು ದೊಡ್ಡ ತಲೆ ಇತ್ತು ಅವನಿಗೆ, ತೆಗೆದು ಟ್ರೈಪಾಡಿನ ಹಿಡಿಗೆ ಸಿಕ್ಕಿಸಿದಳು, ಕೆಂಪು ಟೋಪಿ, ದೂರಕ್ಕೆ ಕಾಣಲಿ ಅಂತಲೇ ಅವಳು ಹೆಣೆದುಕೊಟ್ಟ ಕೆಂಪು, ಈ ಗಾಳಿಯಲ್ಲಿ ಕೂಗಿದರೆ ಕೇಳುವುದಿಲ್ಲ, ಫೋಟೋ ಮುಗಿಯಿತು ಅಂದರೆ ಟೋಪಿ ಅವನ ತಲೆಯಿಂದ ಮೇಲೇಳಬೇಕು, ಅದೇ ಸನ್ನೆ, ಅಲ್ಲಿಯವರೆಗೆ ಬಂಡೆಯ ಪಕ್ಕ ಅವಳು ಕದಲುವಂತಿಲ್ಲ, ಮೂಗು ತುರಿಸಿದರೂ ಕದಲುವಂತಿಲ್ಲ. ಪ್ರತಿ ಅಕ್ಟೋಬರಿನಲ್ಲೂ ಇದೇ ಬಂಡೆ, ಇದೇ ಜಾಗ, ಅಡುಗೆಮನೆಯ ಗೋಡೆಯಲ್ಲಿ ಕಿಟಕಿಯಿಂದ ಫ್ರಿಜ್ಜಿನ ತನಕ ಸಾಲಾಗಿ ಬಂಡೆಗಳು, ಪ್ರತಿಯೊಂದರ ಬುಡದಲ್ಲೂ ಸಾಸಿವೆಯಷ್ಟು ಹಳದಿ, ಅದು ಅವಳ ಮಳೆಕೋಟು, ಬಂದವರು ಯಾರಿದು ಅಂತ ಕೇಳಿದರೆ ಎಲ್‌ವುಡ್, ಅದಾ, ಅದು ಅಳತೆ, ಇವಳು ನಿಲ್ಲದಿದ್ರೆ ಬಂಡೆ ಎಷ್ಟು ದೊಡ್ಡದು ಅಂತ ಯಾರಿಗೆ ಗೊತ್ತಾಗುತ್ತೆ, ಅನ್ನುತ್ತಿದ್ದ. ನಾನೇನು ನಿಮ್ಮಪ್ಪನ ಅಂಗಡಿ ಅಡಿಕೋಲಾ ಎಂದು ಒಂದು ವರ್ಷ ಜಗಳವಾಡಿ, ಅಲ್ಲಿ ನಿಂತಷ್ಟು ಹೊತ್ತೂ ಅವನ ಕಡೆ ನಾಲಿಗೆ ಚಾಚಿಕೊಂಡೇ ನಿಂತಿದ್ದಳು, ಫೋಟೋದಲ್ಲಿ ಕಾಣುವುದಿಲ್ಲ, ಯಾರಿಗೂ ಗೊತ್ತಿಲ್ಲ, ಈಗಲೂ ಹಾಲು ತೆಗೆಯಲು ಫ್ರಿಜ್ಜಿನ ಬಳಿ ಹೋದಾಗ ಆ ಹಳದಿ ಚುಕ್ಕೆ ಅವಳೊಬ್ಬಳಿಗೇ ನಾಲಿಗೆ ತೋರಿಸುತ್ತದೆ. ಆ ಸಾಲಿನ ಕೊನೆಗೆ ಬರೀ ಮೊಳೆ. ಈ ವರ್ಷದ್ದನ್ನು ತೂಗುಹಾಕುವಾಗಲೇ ಬರುವ ವರ್ಷದ ಮೊಳೆಯನ್ನೂ ಹೊಡೆದುಬಿಡುವುದು ಅವನ ಪದ್ಧತಿ, ಸುತ್ತಿಗೆ ಕೈಯಲ್ಲಿದೆಯಲ್ಲ ಆರ್ಲೀನ್, ಮತ್ಯಾಕೆ ಹುಡುಕೋದು, ಹೊಡೆದು ಹೋದ, ಆ ಮೊಳೆಯನ್ನು ಕೀಳಲು ಆಗುವುದಿಲ್ಲ, ನೋಡುತ್ತ ಚಹಾ ಕುಡಿಯಲೂ ಆಗುವುದಿಲ್ಲ, ಅದಕ್ಕೆ ಒಂದು ಫೋಟೋ ಬೇಕು, ಒಂದೇ ಒಂದು, ಚೆನ್ನಾಗಿ ಬರದಿದ್ದರೂ ಸರಿ.

ಕಣ್ಣಿಟ್ಟು ನೋಡಿದಳು, ಬಂಡೆ ಇದೆ, ಆಕಾಶ ಇದೆ, ಆಚೆ ನೀರಿನ ಗೆರೆ ಇದೆ, ಆದರೆ ಇದೇನು, ಮೂರು ಆಳೆತ್ತರದ ಬಂಡೆ ಮೇಜಿನ ಮೇಲೆ ಮರೆತಿಟ್ಟ ಬ್ರೆಡ್ಡಿನ ಹಾಗೆ ಕಾಣುತ್ತದೆ, ಸುಳ್ಳು ಹೇಳಿರಲಿಲ್ಲ ಅವನು, ಅಳತೆ ಬೇಕು. ಹಳದಿ ಕೋಟಿನ ಗುಂಡಿ ಹಾಕಿಕೊಂಡಳು, ಲೆನ್ಸಿನ ಮುಂದೆ ಕಪ್ಪು ಗಾಜು ತಿರುಗಿಸಿದಳು, ಬೆಳಕು ನಿಧಾನ ಒಳಗೆ ಬರಲಿ, ಎಲ್ಲ ಅವನು ಮಾಡುತ್ತಿದ್ದಂತೆಯೇ, ಕ್ಯಾಮೆರಾದಿಂದ ತೂಗುವ ತಂತಿಯ ತುದಿಯ ಗುಂಡಿ ಒತ್ತಿ ಮುಂದಕ್ಕೆ ಸರಿಸಿದರೆ ಅದು ಹಾಗೇ ಕಚ್ಚಿಕೊಳ್ಳುತ್ತದೆ, ಕೈ ಬಿಟ್ಟರೂ ಕ್ಯಾಮೆರಾದ ಕಣ್ಣು ತೆರೆದೇ ಇರುತ್ತದೆ, ಒತ್ತಿದಳು, ಸರಿಸಿದಳು, ಟಕ್, ಹೊರಟಳು. ಓಡಾಡೋರು ಫೋಟೋದಲ್ಲಿ ಬೀಳಲ್ಲ ಆರ್ಲೀನ್, ನಾಯಿ ಓಡಿದ್ರೂ ಬೀಳಲ್ಲ, ಅಲೆ ಕೂಡ ಹಾಲಾಗಿಬಿಡುತ್ತೆ, ನಿಂತೋರು ಮಾತ್ರ ಉಳೀತಾರೆ, ಅಂತ ಅವನೇ ಹೇಳಿದ್ದು, ದೋಣಿಯ ಎಂಜಿನ್ ರಿಪೇರಿ ಮಾಡುವವನ ವೇದಾಂತ ಅಂತ ಆಗ ನಕ್ಕಿದ್ದಳು, ಹಾಗಾದರೆ ಈಗ ನಡೆಯುತ್ತಿರುವ ತಾನು ಇಲ್ಲ, ಕೆಸರಿನಲ್ಲಿ ಬೂಟು ಪಚಪಚ ಅನ್ನುತ್ತಿದೆ ಆದರೆ ಯಾರೂ ನಡೆಯುತ್ತಿಲ್ಲ, ಆಸ್ಪತ್ರೆಯ ಕಾರಿಡಾರಿನಲ್ಲೂ ಹೀಗೇ, ನರ್ಸುಗಳು ತನ್ನ ಪಕ್ಕ ಹಾಯುತ್ತಿದ್ದರು, ತಾನು ಇಲ್ಲದ ಹಾಗೆ. ಅವನ ಮಂಚದ ಬಳಿ ಕುರ್ಚಿ, ಅವಳು ಕಿಟಕಿಗೆ ಅಡ್ಡವಾಗಿದ್ದಳೋ ಏನೋ, ಅವನು ಕಣ್ಣು ಕಿರಿದು ಮಾಡಿ ನೋಡಿ, ಒಂಚೂರು ಎಡಕ್ಕೆ, ಅಂದ. ಅಷ್ಟೇ, ಅದೇ ಅವನ ಕೊನೆಯ ಮಾತು. ಅವಳು ಕುರ್ಚಿಯನ್ನು ಎಡಕ್ಕೆ ಎಳೆದು ಕೂತಳು, ಬೆಳಕಿಗೆ ಅಡ್ಡ ಅಂತ ಅಂದನೋ, ಕಣ್ಣಿಗೆ ಬಂಡೆ ಕಂಡು ಅಂದನೋ, ಯಾರನ್ನು ಕೇಳುವುದು, ಸಂಜೆಯ ತನಕ ಕದಲದೆ ಕೂತಿದ್ದಳು, ನೀರು ಕುಡೀರಮ್ಮ ಅಂದರೂ ಏಳಲಿಲ್ಲ, ಅವನ ಬೋಳು ತಲೆ ದಿಂಬಿನ ಮೇಲೆ, ಟೋಪಿ ಅಲಮಾರಿನಲ್ಲಿ.

ಬಂಡೆಯ ಬುಡ ಬಂತು. ಇದೇ ಜಾಗ, ಹಸಿರು ಪಾಚಿಯ ಮೇಲೆ ಬೆನ್ನು ತಾಗಿಸಬಾರದು, ಕೋಟು ಹಾಳು, ನಿಂತಳು, ಒಂಚೂರು ಎಡಕ್ಕೆ ಸರಿದಳು, ಕೈ ಪಕ್ಕಕ್ಕೆ ಬಿಟ್ಟಳು, ಉಸಿರು ನಿಧಾನ ಮಾಡಿದಳು, ಈಗ ತಾನು ಇದ್ದಾಳೆ, ಈಗ ಫೋಟೋದಲ್ಲಿ ಬೀಳುತ್ತಾಳೆ, ಎಂದಿನಂತೆ ತಲೆಯೆತ್ತಿ ನೇರ ನೋಡಿದಳು, ಅಲ್ಲಿ ಟ್ರೈಪಾಡು, ಅದರ ಮೇಲೆ ಕ್ಯಾಮೆರಾ, ಹಿಡಿಯಲ್ಲಿ ಟೋಪಿ, ಅದರ ಹಿಂದೆ ಬಗ್ಗಿದ ಬೆನ್ನಿಲ್ಲ, ಬೈಯುವ ಬಾಯಿಲ್ಲ, ಬರೀ ರಸ್ತೆ, ಬರೀ ಮಂಜು, ಇಷ್ಟು ವರ್ಷ ಇಲ್ಲಿಂದ ನೋಡಿದ್ದು ಕಡಲನ್ನಲ್ಲ, ಅವನನ್ನು, ಗೋಡೆಯ ತುಂಬ ಇರುವುದು ಅವನು ಕಂಡದ್ದು, ತಾನು ಕಂಡದ್ದರ ಒಂದು ಫೋಟೋ ಕೂಡ ಇಲ್ಲ. ಹಾರ್ನ್ ಕೇಳಿಸಿತು, ಕ್ಲೇಟನ್‌ದು, ಮತ್ತೊಮ್ಮೆ ಕೇಳಿಸಿತು, ಜೋಸೆಟ್‌ಳ ದನಿ, ಆರ್ಲೀ— ಗಾಳಿ ಉಳಿದದ್ದನ್ನು ಒಯ್ದಿತು, ಎಡಬೂಟಿನೊಳಗೆ ನೀರು ಬೆಚ್ಚಗಾಗಿತ್ತು, ಈಗ ಮತ್ತೆ ತಣ್ಣಗಾಯಿತು, ಕಡಲು ಬರುತ್ತಿದೆ, ಹೋಗಬೇಕು, ಹೋಗಿ ಆ ಗುಂಡಿ ಹಿಂದಕ್ಕೆ ಸರಿಸಬೇಕು, ಕಚ್ಚಿಕೊಂಡಿದೆಯಲ್ಲ, ಯಾರಾದರೂ ಸರಿಸುವ ತನಕ ಆ ಕಣ್ಣು ಮುಚ್ಚುವುದಿಲ್ಲ, ಒತ್ತಿ ಬಂದಾಗ ಇದು ಹೊಳೆಯಲೇ ಇಲ್ಲ, ಮುಚ್ಚುವುದಕ್ಕೆ ಅವನಿದ್ದಾನೆ ಅಂತಲೇ ನಡೆದು ಬಂದುಬಿಟ್ಟಳು, ಕದಲಿದರೆ ತಾನು ಅಳಿಸಿಹೋಗುತ್ತಾಳೆ, ಕದಲದಿದ್ದರೆ ಮುಗಿಯುವುದಿಲ್ಲ, ಇನ್ನೊಂದು ಸ್ವಲ್ಪ, ಮೂಗು ತುರಿಸುತ್ತಿದೆ, ಕದಲಬಾರದು, ಇನ್ನೊಂದೇ ಸ್ವಲ್ಪ ಎಲ್‌ವುಡ್, ಸಾಕಲ್ವಾ, ಆಯ್ತಲ್ವಾ, ಟೋಪಿ, ಕೆಂಪು ಟೋಪಿ, ಸಿಕ್ಕಿಸಿದಲ್ಲೇ ಇದೆ, ಏಳುತ್ತಿಲ್ಲ.