ಹದಿನೆಂಟರ ಕಾರು, ಇಪ್ಪತ್ಮೂರರ ಕಾರು

ಚಳಿಗಾಲದಲ್ಲಿ ಬೆಟ್ಟದ ಮೇಲೆ ಗಾಳಿ ಎದ್ದರೆ ನಾವು ರಸ್ತೆಗೆ ಗೇಟು ಹಾಕುತ್ತೇವೆ. ಆಮೇಲೆ ಯಾರೂ ಒಬ್ಬೊಬ್ಬರೇ ದಾಟುವಂತಿಲ್ಲ. ಗೇಟಿನ ಬಳಿ ಕಾರುಗಳು ಸೇರುವವರೆಗೆ ಕಾಯಬೇಕು. ಹೊರಟಾಗ ಮುಂದೆ ನನ್ನ ಜೊತೆಗಾರ ಹಾಲ್ವರ್‌ನ ಹಿಮ ತಳ್ಳುವ ಲಾರಿ, ಅದರ ಹಿಂದೆ ಸಾಲಾಗಿ ಕಾರುಗಳು, ಕಟ್ಟಕಡೆಗೆ ನನ್ನ ಪಿಕಪ್. ಹೊರಡುವ ಮೊದಲು ನಾನು ಒಂದೊಂದೇ ಕಿಟಕಿ ತಟ್ಟಿ ಕೇಳಬೇಕು: ಬೆಚ್ಚನೆಯ ಬಟ್ಟೆ ಇದೆಯಾ, ಸಲಿಕೆ ಇದೆಯಾ, ಕರೆಂಟಿನ ಕಾರಾದರೆ ಎಷ್ಟು ಪರ್ಸೆಂಟ್ ಚಾರ್ಜ್ ಇದೆ. ಸಾಲದು ಅನ್ನಿಸಿದರೆ ವಾಪಸ್ ಕಳಿಸುತ್ತೇನೆ, ಬೈಗುಳ ತಿನ್ನುತ್ತೇನೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಬೈಗುಳಕ್ಕೆ ಬೇಸರ ಮಾಡಿಕೊಳ್ಳುವ ಮನುಷ್ಯ ಇಲ್ಲಿ ಒಂದು ವಾರವೂ ನಿಲ್ಲಲಾರ.

ಈ ಸಲದ ಜನವರಿ ಹೇಗೆ ಕಳೆಯಿತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ದುಃಖವಿತ್ತು ಎಂದರೆ ಸುಳ್ಳಾಗುತ್ತದೆ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ಹಾಗಿದ್ದೆ. ಏಳುತ್ತಿದ್ದೆ, ಬ್ರೆಡ್ಡಿನ ಮೇಲೆ ಕಂದು ಚೀಸು ಇಟ್ಟುಕೊಂಡು ತಿನ್ನುತ್ತಿದ್ದೆ, ಗೇಟಿಗೆ ಹೋಗುತ್ತಿದ್ದೆ.

ಹೆಂಡತಿ ಸಿಗ್ನೆಯೂ ನಾನೂ ಬೇರೆಯಾಗಿ ಎರಡು ವರ್ಷ. ಜಗಳವೇನೂ ಆಗಲಿಲ್ಲ, ಜಗಳವಾಡುವಷ್ಟು ಮಾತೂ ಉಳಿದಿರಲಿಲ್ಲ. ಅವಳು ಬೆಟ್ಟದ ಆಚೆ ಒಡ್ಡಾ ಎಂಬ ಊರಿನಲ್ಲಿ ಮನೆ ಮಾಡಿದಳು. ಮಗಳು ತಿರಿಲ್ ಅವಳ ಜೊತೆ. ಎರಡು ವಾರಕ್ಕೊಂದು ಶುಕ್ರವಾರ ನಾನು ನೂರ ಅರವತ್ತು ಕಿಲೋಮೀಟರ್ ಹೋಗಿ ಅವಳನ್ನು ಕರೆತರುತ್ತಿದ್ದೆ. ಹೊಸ ವರ್ಷದ ನಂತರ ಅದು ನಿಂತಿತು. ‘ಆ ಕಾರಲ್ಲಿ ನಾನು ಬರಲ್ಲ ಪಪ್ಪಾ. ಚಳಿ’ ಎಂದು ಫೋನಿನಲ್ಲಿ ಬರೆದಳು. ಅಷ್ಟೇ.

ಫೆಬ್ರವರಿ ಇಪ್ಪತ್ತೊಂದಕ್ಕೆ ಅವಳಿಗೆ ಹನ್ನೆರಡು ತುಂಬುತ್ತಿತ್ತು. ನಮ್ಮ ದೇಶದ ಕಾನೂನಿನಲ್ಲಿ ಹನ್ನೆರಡು ತುಂಬಿದ ಮಗು ಯಾರ ಮನೆಯಲ್ಲಿ ಎಷ್ಟು ದಿನ ಇರುತ್ತೇನೆ ಎನ್ನುತ್ತದೋ ಆ ಮಾತಿಗೆ ತೂಕ ಹೆಚ್ಚು. ಹುಟ್ಟುಹಬ್ಬದ ಮರುವಾರ ಒಡ್ಡಾದಲ್ಲಿ ಕುಟುಂಬ ಸಲಹೆಗಾರ್ತಿಯೊಬ್ಬರ ಮುಂದೆ ಮೂವರೂ ಕೂತು, ಎರಡು ವಾರದ ಒಪ್ಪಂದವನ್ನು ಹೊಸದಾಗಿ ಬರೆದುಕೊಳ್ಳಬೇಕಿತ್ತು. ತಿರಿಲ್ ಬರುವುದಿಲ್ಲ ಎಂದರೆ ಮುಗಿಯಿತು. ಮಗಳನ್ನು ಬಲವಂತ ಮಾಡುವ ಅಪ್ಪ ನಾನಲ್ಲ.

ಚಳಿಯ ವಿಷಯ ನನಗೆ ಗೊತ್ತಿತ್ತು. ಹೊಸ ವರ್ಷದ ಶುಕ್ರವಾರ ಅವಳನ್ನು ಕರೆತರುವಾಗ ಬೆಟ್ಟದ ಬುಡದಲ್ಲಿ ಚಾರ್ಜಿಗೆ ಹಾಕಿದೆ. ನನ್ನದು ಕರೆಂಟಿನ ಕಾರು, ಎರಡು ಸಾವಿರದ ಹದಿನೆಂಟರ ಮಾಡೆಲ್. ಬ್ಯಾಟರಿ ತಣ್ಣಗಿದ್ದರೆ ಕರೆಂಟು ಕುಡಿಯುವುದೇ ಇಲ್ಲ, ಹಸಿವಿಲ್ಲದ ಮಗುವಿನ ಹಾಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಗಂಟೆ ಕಾದರೂ ಅರ್ಧ ತುಂಬಲಿಲ್ಲ. ಆಮೇಲೆ ಗೇಟಿನಲ್ಲಿ ಎರಡು ಗಂಟೆ ನಿಲ್ಲಬೇಕಾಯಿತು. ನಾನೇ ನೂರಾರು ಜನರನ್ನು ನಿಲ್ಲಿಸಿದ ಗೇಟು ಅದು. ಚಾರ್ಜ್ ಉಳಿಸಲು ಹೀಟರ್ ಆರಿಸಿದೆ. ತಿರಿಲ್ ಹಿಂದಿನ ಸೀಟಿನಲ್ಲಿ ಮಲಗುವ ಚೀಲದೊಳಗೆ ಕೂತಿದ್ದಳು. ಬೆಟ್ಟದ ಮೇಲಿನ ಸುರಂಗದ ಬಾಯಲ್ಲಿ ಸಾಲು ಮತ್ತೆ ಸ್ವಲ್ಪ ಹೊತ್ತು ನಿಂತಿತು. ಮನೆ ಮುಟ್ಟಿದಾಗ ನಾಲ್ಕು ಪರ್ಸೆಂಟ್ ಉಳಿದಿತ್ತು. ಶುಕ್ರವಾರ ರಾತ್ರಿ ನಾವು ಯಾವಾಗಲೂ ತಿನ್ನುವ ಟಾಕೋ ರೊಟ್ಟಿ ಮಾಡಿಕೊಟ್ಟೆ. ಅವಳು ತಿನ್ನದೆ ಮಲಗಿದಳು.

ಚಳಿ ಎಂದಳಲ್ಲ, ಹಾಗಾದರೆ ಚಳಿಯಾಗದ ಕಾರು ತಂದರಾಯಿತು. ಇಷ್ಟು ಸರಳವಾದ ವಿಷಯ ನನ್ನ ಬದುಕಿನಲ್ಲಿ ಬಹಳ ದಿನದಿಂದ ಬಂದಿರಲಿಲ್ಲ. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಬೇರೆ ಕಂಪನಿಯ ಕಾರು ಬೇಕಿರಲಿಲ್ಲ. ಅದೇ ಕಾರು, ಬೇರೆ ವರ್ಷ. ಚೌಕಳಿ ಹಾಳೆ ತಂದು ಗೆರೆ ಎಳೆದೆ. ಹದಿನೆಂಟರದ್ದಕ್ಕೆ ಮೂವತ್ತೊಂಬತ್ತು ಯೂನಿಟ್ಟಿನ ಬ್ಯಾಟರಿ, ನೂರ ಮೂವತ್ತಾರು ಕುದುರೆಯ ಬಲ. ಕಂಪನಿಯ ಪುಸ್ತಕದಲ್ಲಿ ಇನ್ನೂರ ಎಪ್ಪತ್ತು ಕಿಲೋಮೀಟರ್, ನಮ್ಮ ಬೆಟ್ಟದಲ್ಲಿ ನೂರ ಐವತ್ತು. ಇಪ್ಪತ್ತರದ್ದಕ್ಕೆ ಐವತ್ತೆಂಟು ಯೂನಿಟ್, ಇನ್ನೂರ ನಾಲ್ಕು ಕುದುರೆ, ಚಾರ್ಜೂ ಬೇಗ. ಆದರೆ ಕಡಿಮೆ ಕರೆಂಟಿನಲ್ಲಿ ಒಳಗೆ ಬಿಸಿ ಮಾಡುವ ಪಂಪು ಕೆಲವದಕ್ಕೆ ಮಾತ್ರ. ಇಪ್ಪತ್ತೆರಡರದ್ದು ಹೊಸದಾದರೂ ಒಂದು ಹೆಜ್ಜೆ ಹಿಂದೆ: ಬ್ಯಾಟರಿ ಅದೇ, ಕುದುರೆ ನೂರ ಎಪ್ಪತ್ತಕ್ಕೆ ಇಳಿದಿತ್ತು. ಇಪ್ಪತ್ಮೂರರದ್ದರಲ್ಲಿ ಚಾರ್ಜಿಗೆ ಹೋಗುವ ಮೊದಲೇ ಬ್ಯಾಟರಿ ತಾನಾಗಿ ಬೆಚ್ಚಗಾಗುತ್ತದೆ, ಪಂಪು ಎಲ್ಲದಕ್ಕೂ ಉಂಟು, ಹಿಂದಿನ ಸೀಟೂ ಕಾಯುತ್ತದೆ. ‘ಹಿಂದಿನ ಸೀಟು’ ಎಂಬುದರ ಕೆಳಗೆ ಎರಡು ಗೆರೆ ಎಳೆದೆ.

ಆದರೆ ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ. ಹಾಗಾಗಿ ಗೇಟಿನಲ್ಲಿ ಕಿಟಕಿ ತಟ್ಟಿದಾಗೆಲ್ಲ ಇನ್ನೊಂದು ಪ್ರಶ್ನೆ ಸೇರಿಸಿದೆ.

“ಎಷ್ಟು ಪರ್ಸೆಂಟ್?”

“ಅರವತ್ತೆರಡು,” ಎಂದರು ಬಿಳಿ ಕಾರಿನ ಒಬ್ಬ ಹೆಂಗಸು.

“ಯಾವ ವರ್ಷದ ಕಾರು?”

“ಇಪ್ಪತ್ತರದ್ದು. ಯಾಕೆ, ಇಪ್ಪತ್ತರದ್ದನ್ನ ಬಿಡಲ್ವಾ ನೀವು?”

“ಬಿಡ್ತೀವಿ. ಕೆಳಗೆ ಚಾರ್ಜಿಗೆ ಎಷ್ಟು ಹೊತ್ತಾಯ್ತು?”

“ನಲವತ್ತು ನಿಮಿಷ. ಕಾಫಿ ಕುಡಿದೆ, ಬನ್ನೂ ತಿಂದೆ. ಅದನ್ನೂ ಬರ್ಕೊತೀರಾ?”

ಬರೆದುಕೊಂಡೆ. ಬನ್ನನ್ನಲ್ಲ, ನಿಮಿಷವನ್ನು.

“ಒಳಗೆ ಬೆಚ್ಚಗಿದ್ಯಾ?”

“ನೀವು ಕಿಟಕಿ ತೆಗೆಸೋ ತನಕ ಬೆಚ್ಚಗೇ ಇತ್ತು,” ಎಂದು ಆಕೆ ಗಾಜು ಏರಿಸಿದರು.

ಹಾಲ್ವರ್ ಲಾರಿಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ಅರವತ್ಮೂರು ವರ್ಷ, ನಾಲಗೆಗೆ ಇಪ್ಪತ್ತು. ಸಾಲು ಹೊರಡುವ ಮುಂಚೆ ನನ್ನ ಪಿಕಪ್ಪಿಗೆ ಬಂದು ಥರ್ಮಾಸಿನ ಕಾಫಿ ಬಗ್ಗಿಸಿಕೊಂಡು, ನನ್ನ ಚೌಕಳಿ ಹಾಳೆ ಎತ್ತಿಕೊಂಡ.

“ಏನೋ ಔಡುನ್ ಇದು, ಜಾತಕ ಕೂಡಿಸ್ತಿದ್ದೀಯಾ?”

“ಕಾರು ನೋಡ್ತಿದ್ದೀನಿ.”

“ಮೂರು ವಾರದಿಂದ ನೋಡ್ತಿದ್ದೀಯ. ಹೆಂಡ್ತಿನ ಇಷ್ಟು ನೋಡಿದ್ರೆ ಬಿಟ್ಟು ಹೋಗ್ತಿರ್ಲಿಲ್ಲ ಅವ್ಳು.”

ಬೇರೆ ಯಾರಾದರೂ ಹೀಗೆಂದಿದ್ದರೆ ಇಳಿಸಿಬಿಡುತ್ತಿದ್ದೆ. ಆಗ ನನಗೆ ಅದೂ ತಾಗಲಿಲ್ಲ.

“ಇಪ್ಪತ್ಮೂರರದ್ದು ಸರಿ ಅನ್ಸುತ್ತೆ,” ಎಂದೆ. “ಚಾರ್ಜ್ ಇಪ್ಪತ್ತೈದೇ ನಿಮಿಷ. ಮೈನಸ್ ಹದಿನೆಂಟರಲ್ಲಿ ಮುನ್ನೂರು ಕಿಲೋಮೀಟರ್ ಓಡುತ್ತಂತೆ. ನಿನ್ನೆ ಒಬ್ಬ ಹೇಳಿದ.”

“ಓಡ್ಲಿ ಬಿಡು. ತಿರಿಲ್ ಏನಂತಾಳೆ?”

“ಹಳೇ ಕಾರು ಚಳಿ ಅಂದಿದ್ದಾಳೆ.”

“ಕಾರೇ ಚಳಿ ಅಂದ್ಳಾ?” ಹಾಲ್ವರ್ ಕಾಫಿ ಊದುತ್ತ ನನ್ನ ಮುಖ ನೋಡಿದ. “ನೋಡಪ್ಪಾ, ಕುಣಿಲಾರದೋಳು ನೆಲ ಡೊಂಕು ಅಂದ್ಳಂತೆ. ಒಂದ್ಸಲ ಫೋನ್ ಮಾಡಿ ಕೇಳು.”

“ಏನಂತ ಕೇಳ್ಲಿ?”

“ಅದನ್ನೂ ನಾನೇ ಹೇಳ್ಬೇಕಾ? ಸಿಕ್ಕಸಿಕ್ಕವರ ಕಿಟಕಿ ತಟ್ಟಿ ಬೆಚ್ಚಗಿದ್ಯಾ ಅಂತ ಕೇಳ್ತೀಯಲ್ಲ, ಹಾಗೇ ಕೇಳು.”

ನಾನು ಅದನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಹಾಲ್ವರ್ ಮದುವೆಯಾದವನಲ್ಲ, ಮಕ್ಕಳನ್ನು ಸಾಕಿದವನೂ ಅಲ್ಲ. ಅವನಿಗೇನು ಗೊತ್ತು ಎಂದುಕೊಂಡೆ.

ಫೆಬ್ರವರಿ ಎರಡನೆಯ ವಾರ ಬೂದು ಬಣ್ಣದ ಇಪ್ಪತ್ಮೂರರ ಕಾರು ಮನೆಗೆ ಬಂತು. ಖುಷಿಯಾಗಬೇಕಿತ್ತು. ಕೆಲಸ ಮುಗಿಯಿತು ಅನ್ನಿಸಿತು, ಅಷ್ಟೇ. ಸಂಜೆ ಹಿಂದಿನ ಸೀಟಿನ ಬಿಸಿ ಹಾಕಿ ಅಲ್ಲಿ ನಾನೇ ಹೋಗಿ ಕೂತೆ. ಮೂರು ನಿಮಿಷಕ್ಕೆ ಕಾದಿತು. ಮೂರು ನಿಮಿಷ ಎಂದು ಹಾಳೆಯಲ್ಲಿ ಬರೆದೆ.

ಒಡ್ಡಾಕ್ಕೆ ಹೊರಟ ದಿನ ಗಾಳಿಯಿತ್ತು. ನಮ್ಮ ಗೇಟಿನಲ್ಲಿ ನಾನೂ ಎಲ್ಲರಂತೆ ಸಾಲಿನಲ್ಲಿ ನಿಂತೆ. ಒಂದೂವರೆ ಗಂಟೆ ಹೀಟರ್ ಹಾಕಿಕೊಂಡೇ ಕಾದೆ, ಐದು ಪರ್ಸೆಂಟ್ ಮಾತ್ರ ಇಳಿಯಿತು. ಬೆಟ್ಟದ ಮೇಲೆ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕೆಳಗಿಳಿದು ಚಾರ್ಜಿಗೆ ಹಾಕಿದೆ. ಹೇಳಿದ್ದಕ್ಕಿಂತ ಒಂದು ನಿಮಿಷ ಕಡಿಮೆಯೇ, ಇಪ್ಪತ್ನಾಲ್ಕು. ಹೇಳಿದ್ದೆಲ್ಲ ಸರಿಯಾಗಿ ನಡೆಯುವ ವಸ್ತು ಜಗತ್ತಿನಲ್ಲಿ ಒಂದಾದರೂ ಇದೆಯಲ್ಲ ಎಂದುಕೊಂಡೆ.

ಸಲಹಾ ಕಚೇರಿಯ ಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದು ದುಂಡು ಮೇಜು. ಸಲಹೆಗಾರ್ತಿ ತಿರಿಲ್ ಜೊತೆ ಮೊದಲೇ ಅರ್ಧ ಗಂಟೆ ಒಬ್ಬರೇ ಮಾತಾಡಿದ್ದರು. ಸಿಗ್ನೆ ನನ್ನನ್ನು ನೋಡಿ ತಲೆಯಾಡಿಸಿದಳು. ತಿರಿಲ್ ಕೂದಲು ಕತ್ತರಿಸಿಕೊಂಡಿದ್ದಳು. ಎಂಟು ವಾರದಲ್ಲಿ ಉದ್ದವಾಗಿದ್ದಳು.

“ಔಡುನ್, ನೀವು ಮೊದ್ಲು ಹೇಳ್ತೀರಾ?” ಎಂದರು ಸಲಹೆಗಾರ್ತಿ.

ನಾನು ಜೇಬಿನಿಂದ ಚೌಕಳಿ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದೆ. ಈಗ ನೆನೆದರೆ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಆಗ ಹೆಮ್ಮೆಯಿತ್ತು.

“ಇದು ಹಳೇದು, ಹದಿನೆಂಟರದ್ದು. ಇದು ಇಪ್ಪತ್ಮೂರರದ್ದು, ಈಗ ತಂದಿರೋದು. ಬ್ಯಾಟರಿ ಒಂದೂವರೆ ಪಾಲು. ಚಾರ್ಜ್ ಇಪ್ಪತ್ನಾಲ್ಕು ನಿಮಿಷ, ಇವತ್ತು ನಾನೇ ನೋಡ್ದೆ. ಹಿಂದಿನ ಸೀಟು ಕಾಯುತ್ತೆ ತಿರಿಲ್, ಮೂರೇ ನಿಮಿಷ. ಇನ್ಮೇಲೆ ಚಳಿ ಆಗಲ್ಲ.”

ಸಿಗ್ನೆ ಕಣ್ಣು ಮುಚ್ಚಿಕೊಂಡಳು. ತಿರಿಲ್ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಓದಿದಳು. ಮೇಲಿನಿಂದ ಕೆಳಗಿನವರೆಗೆ, ಒಂದೂ ಬಿಡದೆ. ಅವಳು ಒಳ್ಳೆಯ ಹುಡುಗಿ.

“ಚೆನ್ನಾಗಿದೆ ಪಪ್ಪಾ ಕಾರು,” ಎಂದಳು.

“ಹಾಗಾದ್ರೆ ಬರ್ತೀಯಾ?”

ಅವಳು ಸಲಹೆಗಾರ್ತಿಯ ಮುಖ ನೋಡಿದಳು. ಅವರು ಮೆಲ್ಲಗೆ, “ನನ್ ಹತ್ರ ಹೇಳಿದ್ದನ್ನೇ ಹೇಳು,” ಎಂದರು.

“ಅವತ್ತು ಬೆಟ್ಟದ ಮೇಲೆ,” ಎಂದು ತಿರಿಲ್ ಮೇಜು ನೋಡುತ್ತ ಶುರು ಮಾಡಿದಳು, “ಸುರಂಗದ ಬಾಯಲ್ಲಿ ಎಲ್ರೂ ನಿಂತ್ರಲ್ಲ, ಏನೂ ಕಾಣ್ತಿರ್ಲಿಲ್ಲ. ಆಗ ನಾನು, ‘ಪಪ್ಪಾ, ನಂಗೆ ಹೆದರಿಕೆ ಆಗ್ತಿದೆ’ ಅಂದೆ. ನೀನು ಏನಂದೆ ಗೊತ್ತಾ?”

ನನಗೆ ಗೊತ್ತಿರಲಿಲ್ಲ.

“‘ಹತ್ತೊಂಬತ್ತು’ ಅಂದೆ.”

ತಿರಿಲ್ ಹಾಳೆಯ ಮೂಲೆ ಮಡಚಿ ಮುಂದುವರಿಸಿದಳು.

“ಮತ್ತೆ ಕೇಳ್ದೆ. ‘ನಾವು ಇಲ್ಲೇ ಸಿಕ್ಕಾಕೊತೀವಾ’ ಅಂತ. ನೀನು ‘ಹದಿನೆಂಟು’ ಅಂದೆ. ಆಮೇಲೆ ನಾನು ಕೇಳ್ಲಿಲ್ಲ.”

ಸುರಂಗದ ಬಾಯಿ ನನಗೆ ಚೆನ್ನಾಗಿ ನೆನಪಿತ್ತು. ಮೈನಸ್ ಇಪ್ಪತ್ತೊಂದು. ಹತ್ತೊಂಬತ್ತು ಪರ್ಸೆಂಟ್, ಏಳು ನಿಮಿಷದ ನಂತರ ಹದಿನೆಂಟು. ಎಲ್ಲ ಸಂಖ್ಯೆಯೂ ಇದ್ದಲ್ಲೇ ಇತ್ತು. ಅವಳ ದನಿ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ನನ್ನ ಮಗಳು ನನ್ನಿಂದ ಒಂದು ಮೊಳ ಹಿಂದೆ ಕೂತು ಹೆದರಿಕೆ ಎಂದಿದ್ದಳು, ನನ್ನೊಳಗೆ ಅದು ಎಲ್ಲೂ ದಾಖಲಾಗಿರಲಿಲ್ಲ.

“ಮತ್ತೆ ಚಳಿ ಅಂತ ಯಾಕೆ ಬರ್ದೆ?” ಎಂದೆ.

“ಚಳೀನೂ ಇತ್ತು. ಅದನ್ನ ಹೇಳೋದು ಸುಲಭ.” ಅವಳು ಹಾಳೆಯನ್ನು ನನ್ನ ಕಡೆಗೆ ತಳ್ಳಿದಳು. “ಮನೇಲೂ ಹಾಗೇ ಪಪ್ಪಾ. ನಾನು ಏನೋ ಹೇಳ್ತೀನಿ, ನೀನು ಇನ್ನೇನೋ ಹೇಳ್ತೀಯ. ಅಲ್ಲಿ ನಾನು ಒಬ್ಳೇ ಇದ್ದ ಹಾಗಿರುತ್ತೆ.”

ಸಲಹೆಗಾರ್ತಿ ಪೆನ್ನು ಹಿಡಿದು ಕೇಳಿದರು: “ಈಗ ಏನು ಬರ್ಕೊಳ್ಲಿ, ತಿರಿಲ್?”

“ಈ ಚಳಿಗಾಲ ನಾನು ಹೋಗಲ್ಲ. ಬೇಸಿಗೇದು ಆಮೇಲೆ ಹೇಳ್ತೀನಿ.”

‘ಸರಿ’ ಎನ್ನಲು ಬಾಯಿ ತೆರೆದೆ. ಸಿಗ್ನೆ ಹೋಗುತ್ತೇನೆ ಎಂದಾಗಲೂ ನಾನು ‘ಸರಿ’ ಎಂದೇ ಹೇಳಿದ್ದೆ. ಎಲ್ಲದಕ್ಕೂ ಅದೇ ಒಂದು ಮಾತು ನನ್ನ ಬಳಿ ಇತ್ತು. ಆದರೆ ಅದು ಹೊರಗೆ ಬರಲಿಲ್ಲ.

“ಅವತ್ತು ನಂಗೂ ಹೆದರಿಕೆ ಆಗಿತ್ತು,” ಎಂದೆ. “ಹನ್ನೊಂದು ವರ್ಷದಲ್ಲಿ ಯಾವತ್ತೂ ಅಷ್ಟು ಹೆದರಿರ್ಲಿಲ್ಲ. ನೀನು ಹಿಂದೆ ಕೂತಿದ್ದೆ ಅಂತ.”

ತಿರಿಲ್ ಮೊದಲ ಸಲ ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು, ಸಿಟ್ಟೂ ಇತ್ತು.

“ಅದನ್ನ ಅವತ್ತೇ ಹೇಳಿದ್ರೆ ಏನಾಗ್ತಿತ್ತು ಪಪ್ಪಾ?”

ಸಲಹೆಗಾರ್ತಿ ಬರೆದರು: ಬೇಸಿಗೆಯವರೆಗೆ ಇಲ್ಲ. ಸಿಗ್ನೆ ಸಹಿ ಮಾಡಿ ಪೆನ್ನನ್ನು ನನಗೆ ಕೊಟ್ಟಳು. ಎರಡು ವರ್ಷದಲ್ಲಿ ಮೊದಲ ಬಾರಿಗೆ ನನಗೆ ನೋವಾಯಿತು. ಅದನ್ನೂ ಬಾಯಿ ಬಿಟ್ಟು ತಿರಿಲ್‌ಗೆ ಹೇಳಿದೆ, ಆಮೇಲೆ ಸಹಿ ಹಾಕಿದೆ.