ಡೊರ್ಚೊ ಯಾಕೆ ಗುಟುಕರಿಸುತ್ತಿತ್ತು?

ಸಂತ ತೊದೋರನ ಹಬ್ಬ ಹತ್ತಿರ ಬಂತೆಂದರೆ ನಮ್ಮೂರ ಗಂಡಸರಿಗೆ ಹೆಂಡತಿಗಿಂತ ಕುದುರೆಯ ಮೇಲೇ ಪ್ರೀತಿ. ಅದರ ಕತ್ತಿನ ಜೂಲಿಗೆ ಜಡೆ ಹೆಣೆಯುವುದೇನು, ಕೆಂಪು ಕುಚ್ಚು ಕಟ್ಟುವುದೇನು! ಹೆಂಗಸರು ಕುದುರೆಯಾಕಾರದ ರೊಟ್ಟಿ ಸುಟ್ಟು ಮನೆಯವರಿಗೂ ಕೊಡುತ್ತಾರೆ, ಕುದುರೆಗೂ ಕೊಡುತ್ತಾರೆ. ಹಬ್ಬದ ಕುದುರೆ ಓಟ ಗೆದ್ದವರಿಗೆ ವರ್ಷವಿಡೀ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ನಮ್ಮ ಪಕ್ಕದ ಮನೆಯ ಸ್ತಾಮೆನ್ ತಾತನ ಕುದುರೆ ಡೊರ್ಚೊ ಹೋದ ಸಲ ಗೆದ್ದಿತ್ತು. ಈ ಸಲವೂ ಅದೇ ಗೆಲ್ಲುತ್ತದೆಂದು ತಾತ ಊರಿಗೆಲ್ಲ ಸಾರಿಬಿಟ್ಟಿದ್ದ. ಸವಾರಿ ಮೊಮ್ಮಗಳು ಕಲೀನಾಳದು. ಶನಿವಾರ ಓಟವೆನ್ನುವಾಗ, ಗುರುವಾರ ಅವಳು ಊರಾಚೆಯ ಬಯಲಲ್ಲಿ ಡೊರ್ಚೊವನ್ನು ಪೂರಾ ವೇಗದಲ್ಲಿ ಓಡಿಸಿ ಮನೆಗೆ ತಂದಳು. ಕುದುರೆ ನಿಂತಿತು, ಗಂಟಲು ಮಾತ್ರ ನಿಲ್ಲಲಿಲ್ಲ. ಏನನ್ನೋ ನುಂಗುತ್ತಲೇ ಇತ್ತು.

"ತಾತಾ, ಬಾಯಲ್ಲಿ ಏನೂ ಇಲ್ಲ. ಏನು ನುಂಗ್ತಿದೆ ಇದು?"

"ನಿಮ್ಮಜ್ಜಿ ರೊಟ್ಟಿ ಸುಡ್ತಿದ್ದಾಳಲ್ಲ, ಆ ವಾಸನೆಗೆ ಬಾಯಲ್ಲಿ ನೀರೂರ್ತಿದೆ. ಹಬ್ಬದ ವಾರ ಗುಟುಕರಿಸೋ ಕುದುರೆ ಗೆದ್ದೇ ಗೆಲ್ಲುತ್ತೆ ಅಂತ ನಮ್ಮಪ್ಪ ಹೇಳ್ತಿದ್ದ."

ಹೀಗೆಂದು ತಾತ ಕುದುರೆಯ ತಲೆ ಮೇಲೆತ್ತಿ, ಹಗ್ಗವನ್ನು ತೊಲೆಗೆ ಬಿಗಿದ. ಗೆಲ್ಲುವ ಕುದುರೆ ತಲೆ ತಗ್ಗಿಸಬಾರದಂತೆ!

ಬೇಲಿಯಾಚೆಯಿಂದ ನೋಡುತ್ತಿದ್ದ ನನಗೆ ಮನಸ್ಸು ತಡೆಯಲಿಲ್ಲ. ನಮ್ಮ ಕುರಿಗಳಿಗೆ ಚುಚ್ಚುಮದ್ದು ಹಾಕಲು ಬಂದಿದ್ದ ಪಶುವೈದ್ಯೆ ವೆನೆತಾಳನ್ನು ಕೈಹಿಡಿದು ಅಲ್ಲಿಗೆ ಎಳೆದುಕೊಂಡು ಹೋದೆ. ಅವಳು ಕುದುರೆಯನ್ನು ನೋಡಿದವಳೇ, "ತಾತ, ಮೊದಲು ಆ ಹಗ್ಗ ಬಿಚ್ಚಿ. ತಲೆ ಕೆಳಗೆ ಬಿಡಲಿ, ಗಂಟಲಲ್ಲಿರೋದು ಇಳಿದು ಹೋಗಲಿ. ಶ್ವಾಸಕೋಶದಲ್ಲಿ ರಕ್ತ ಸೋರ್ತಿರೋ ಹಾಗಿದೆ" ಎಂದಳು.

ತಾತ ಬಿಳಿ ಕರವಸ್ತ್ರ ತೆಗೆದು ಡೊರ್ಚೊ ಮೂಗೊರೆಸಿ ಅವಳ ಮುಖದ ಮುಂದೆ ಹಿಡಿದ. "ಎಲ್ಲಮ್ಮಾ ರಕ್ತ? ಕುರಿ ಡಾಕ್ಟರಿಗೆ ಕುದುರೆ ವಿಷಯ ಏನು ಗೊತ್ತು?"

"ಇದರ ಹೊಟ್ಟೆನೋವು ವಾಸಿ ಮಾಡಿದಾಗ ಈ ಕುರಿ ಡಾಕ್ಟರೇ ದೇವರಾಗಿದ್ದಳಲ್ಲ ತಾತ?" ವೆನೆತಾ ನಕ್ಕಳು. "ರಕ್ತ ಮೂಗಿಗೆ ಬರೋದು ಅಪರೂಪ. ಜೋರಾಗಿ ಓಡುವಾಗ ಒತ್ತಡ ಏರಿ ಶ್ವಾಸಕೋಶದ ಸಣ್ಣ ನಾಳಗಳು ಒಡೆಯುತ್ವೆ. ರಕ್ತ ಗಂಟಲಿಗೆ ಬಂದರೆ ಕುದುರೆ ನುಂಗಿಬಿಡುತ್ತೆ. ನಮಗೆ ಕಾಣೋದೇ ಇಲ್ಲ."

"ಎಲ್ಲಾ ಸುಳ್ಳು!"

ದೊಬ್ರಿನಾ ಅಜ್ಜಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನೋಡಲಿ ಬಿಡಿ ಅಂದ್ರೆ! ನೋಡಿದರೆ ನಿಮ್ಮ ಗಂಟೇನು ಹೋಗುತ್ತೆ?"

ಕುದುರೆಯ ಏದುಸಿರು ಇಳಿದ ಮೇಲೆ ವೆನೆತಾ ತನ್ನ ಕಾರಿನಿಂದ ತಂದ, ತುದಿಯಲ್ಲಿ ಕ್ಯಾಮೆರಾ ಇರುವ ಉದ್ದನೆಯ ಸಣ್ಣ ಕೊಳವೆಯನ್ನು ಅದರ ಮೂಗಿನೊಳಗೆ ಮೆಲ್ಲಗೆ ಇಳಿಸಿದಳು. ಪುಟ್ಟ ಪರದೆಯಲ್ಲಿ ಶ್ವಾಸನಾಳ ಕಂಡಿತು. ಉದ್ದಕ್ಕೂ ರಕ್ತ.

ತಾತ ಕರವಸ್ತ್ರ ಜೇಬಿಗೆ ತುರುಕುತ್ತಾ ಮೆತ್ತಗೆ ಕೇಳಿದ: "ಶನಿವಾರ ಒಂದು ದಿನ ಓಡಿಬಿಡಲಿ? ಊರಿಗೆಲ್ಲ ಹೇಳಿಬಿಟ್ಟಿದ್ದೀನಿ."

"ತಾತ, ಓಡೋ ಕುದುರೆಗಳಲ್ಲಿ ಬಹಳಷ್ಟಕ್ಕೆ ಒಂದಿಷ್ಟು ರಕ್ತ ಬರುತ್ತೆ. ಅದಕ್ಕೆ ಗಾಬರಿಯಾಗಬೇಕಿಲ್ಲ. ಇದಕ್ಕೆ ತುಂಬಾ ಬಂದಿದೆ. ಮತ್ತೆ ಓಡಿಸಿದರೆ ಬಯಲ ನಡುವೆ ಕುಸಿದುಬಿಡಬಹುದು. ಆಗ ಬೆನ್ನ ಮೇಲೆ ಯಾರಿರ್ತಾರೆ, ಹೇಳಿ?"

ತಾತ ಕಲೀನಾಳತ್ತ ನೋಡಿದ. ಅವಳು ಡೊರ್ಚೊ ಕತ್ತು ಸವರುತ್ತಾ ನಿಂತಿದ್ದಳು. ತಾತ ತಾನೇ ಹೋಗಿ ಹಗ್ಗ ಬಿಚ್ಚಿದ.

"ಓಟ ಬೇಡ. ಊರು ನಕ್ಕರೆ ನಗಲಿ. ಈಗ ಏನು ಮಾಡಬೇಕು, ಅದು ಹೇಳಮ್ಮಾ."

ವೆನೆತಾ ಹೇಳಿದ್ದು ಕಷ್ಟದ್ದೇನಲ್ಲ. "ನಾನು ಹೇಳುವ ತನಕ ಓಡಿಸಬೇಡಿ, ನಿಧಾನಕ್ಕೆ ನಡೆಸಿ. ಒಣಹುಲ್ಲನ್ನು ನೀರಲ್ಲಿ ನೆನೆಸಿ ಹಾಕಿ, ಧೂಳು ಶ್ವಾಸಕೋಶಕ್ಕೆ ಶತ್ರು. ಲಾಯದ ಕಿಟಕಿ ತೆಗೆದಿಡಿ."

ಶನಿವಾರ ಬೇರೆ ಕುದುರೆ ಗೆದ್ದಿತು. ತಾತ ಬಕೆಟ್ಟಿನಲ್ಲಿ ಹುಲ್ಲು ನೆನೆಸುತ್ತಾ ಕೂತಿದ್ದ. ಗೆದ್ದ ಕುದುರೆಯ ಯಜಮಾನ ಬೇಲಿಯಾಚೆಯಿಂದ ಕೂಗಿದ: "ಏನಪ್ಪಾ ಸ್ತಾಮೆನ್, ಕುದುರೆಗೆ ಸಾರು ಮಾಡ್ತಿದ್ದೀಯಾ?"

"ಹೌದಯ್ಯಾ, ನೀನು ಮನೇಲಿ ಕುಡಿಯೋದಕ್ಕಿಂತ ರುಚಿಯಾಗಿದೆ. ಬಾ, ಒಂದು ಲೋಟ ಕುಡಿ!"

ಕೆಲವು ವಾರ ಕಳೆದು ಚೆರ್ರಿ ಮರಗಳು ಹೂಬಿಟ್ಟ ಮೇಲೆ ವೆನೆತಾಳ ಅಪ್ಪಣೆ ಪಡೆದು ಕಲೀನಾ ಮತ್ತೆ ಡೊರ್ಚೊವನ್ನು ಓಡಿಸಿದಳು. ಮತ್ತೆ ಕೊಳವೆ ಇಳಿಯಿತು. ನಾವೆಲ್ಲ ಬಗ್ಗಿ ಪರದೆ ನೋಡಿದೆವು. ಶ್ವಾಸನಾಳ ಸ್ವಚ್ಛವಾಗಿತ್ತು, ಒಂದು ಹನಿ ರಕ್ತವಿಲ್ಲ.

ಅಬ್ಬಾ! ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡಳು. ತಾತ ಮೊಮ್ಮಗಳನ್ನು ತಬ್ಬಿಕೊಂಡು ಎಲ್ಲರೆದುರೇ ಅತ್ತ. "ಇದು ಮತ್ತೆ ಬರಬಹುದು, ಮೈಮರೆಯಬೇಡಿ" ಎಂದು ವೆನೆತಾ ಎಚ್ಚರಿಸಿದಾಗ, "ಪ್ರತಿ ಓಟ ಆದಮೇಲೂ ನಿನಗೆ ಹೇಳಿ ಕಳಿಸ್ತೀನಿ ಮಗಳೇ" ಎಂದ ತಾತ.

ಓಡುವ ಕುದುರೆ ಸಾಕಿರುವ ಅಕ್ಕ ಅಣ್ಣಂದಿರೇ, ಮೂಗಲ್ಲಿ ರಕ್ತ ಕಾಣದು ಎಂದು ನಿಶ್ಚಿಂತೆಯಿಂದಿರಬೇಡಿ. ಓಡಿ ಬಂದ ಕುದುರೆ ಮೇಲಿಂದ ಮೇಲೆ ಗುಟುಕರಿಸಿದರೆ, ಕೆಮ್ಮಿದರೆ, ಎಂದಿಗಿಂತ ಬೇಗ ಸುಸ್ತಾದರೆ, ತಲೆ ಕೆಳಗೆ ಬಿಡಲು ಬಿಟ್ಟು ಆಗಲೇ ಪಶುವೈದ್ಯರನ್ನು ಕರೆಯಿರಿ. ಓಡು ಎಂದರೆ ಕುದುರೆ ಎದೆಯೊಡೆದರೂ ಓಡುತ್ತದೆ. ಸಾಕು ಎನ್ನಬೇಕಾದವರು ನೀವೇ.