ಮರಳಿನ ಟ್ರೇಯಲ್ಲಿ ಕಪ್ಪು

ಫಿನಾಯಿಲ್ ವಾಸನೆ, ಅದರಡಿಯಲ್ಲಿ ಯಾವುದೋ ನಾಯಿಯ ಒದ್ದೆ ಮೈ ವಾಸನೆ, ಬಾಗಿಲಾಚೆ ಪಂಚವಟಿಯ ರಿಕ್ಷಾಗಳ ಹಾರ್ನು, ಈಚೆ ಸ್ಟೀಲ್ ಮೇಜಿನ ಮೇಲೆ ಸಲೈನ್ ಹಚ್ಚಿಸಿಕೊಂಡು ಮಲಗಿದ ಚಿಂಗಿ, ಬೆಕ್ಕೋ ಹಿಂಡಿ ಎಸೆದ ಒರಸುಬಟ್ಟೆಯೋ, ಜಯಮಾಲಾ ನೋಡುತ್ತಾಳೆ, ನೋಡಲಾಗದೆ ಗೋಡೆಯ ಕಡೆ ತಿರುಗುತ್ತಾಳೆ, ಗೋಡೆಯ ಮೇಲೂ ಅದೇ — ಬೆಳಿಗ್ಗೆ ಮರಳಿನ ಟ್ರೇಯಲ್ಲಿ ಕಂಡದ್ದು, ಡಾಂಬರಿನಂತೆ ಹೊಳೆಯುವ, ಸಲಿಕೆಗೆ ಅಂಟಿದರೆ ಬಿಡದ ಕಪ್ಪು. ಮಗಳು ಅಶ್ವಿನಿ ಓದಲು ಸಂಭಾಜಿನಗರಕ್ಕೆ ಹೋಗುವಾಗ ಬಿಟ್ಟುಹೋದ ಬೆಕ್ಕು, ಅಂದಿನಿಂದ ಅದರ ಹೊಲಸಿನ ಟ್ರೇ ಬಳಿಯುತ್ತಿರುವವಳು ತಾನೇ, ಗಟ್ಟಿ ಗೋಲಿಯಾದರೆ ನೀರು ಕುಡಿದಿಲ್ಲ, ನೀರಾದರೆ ಯಾರೋ ಹಾಲು ಹಾಕಿದ್ದಾರೆ, ಅಕ್ಕಿಕಾಳಿನಂಥದ್ದು ಮಿಸುಕಿದರೆ ಜಂತು, ಅಷ್ಟು ತಿಳಿಯುತ್ತಿತ್ತು, ಈ ಕಪ್ಪು ಮಾತ್ರ ತಿಳಿಯಲಿಲ್ಲ, ಗಂಡನನ್ನು ಕರೆದು ತೋರಿಸಿದಳು. ಮಲ್ಲಿನಾಥ ಬಗ್ಗಿ ನೋಡಿದ, ತಟ್ಟನೆ ನೆಟ್ಟಗಾದ, ಹೊಲಸಿನ ಮುಂದ ಕುಂತು ಏನ್ ಪರೀಕ್ಷಾ ಮಾಡ್ತಿ, ಏನರೆ ತಿಂದಿರ್ತದ, ಎಂದು ಗೋದಾಮಿನ ಕೀಲಿ ಹಿಡಿದು ಕೆಳಗಿಳಿದ, ಸಿಲ್ಲೋಡಿನಿಂದ ಜೋಳದ ಲಾರಿ ಬಂದಿದೆಯಂತೆ — ಎಲ್ಲಿಯ ಲಾರಿ, ಯಾವ ಲಾರಿಯೂ ಬಂದಿರಲಿಲ್ಲ. ಫೋಟೋ ನೋಡಿ ಅಶ್ವಿನಿ ಫೋನಿನಲ್ಲೇ ಅತ್ತಳು, ಮಮ್ಮಿ, ಲಗೇಚ್, ಈಗಿಂದೀಗ ಡಾಕ್ಟರ್ ಕಡೆ ಒಯ್ಯಿ. ಡಾಕ್ಟರ್ ಬಾಯಿ ಅಗಲಿಸಿದಾಗ ಚಿಂಗಿಯ ವಸಡು ಸುಣ್ಣ, ಹೊಟ್ಟೆಯೊಳಗೆ ರಕ್ತ ಸೋರಿ ಜೀರ್ಣವಾದರೆ ಮಲ ಹೀಗೆ ಕಪ್ಪಾಗುತ್ತದೆ ಎಂದರು, ಮನೆಯಲ್ಲಿ ಇಲಿಪಾಷಾಣ ಇಟ್ಟಿದ್ದೀರಾ, ಅದಾದರೆ ಇಂಜೆಕ್ಷನ್ನೇ ಬೇರೆ, ಈಗಲೇ ಹೇಳಿ. ನಾಹೀ, ಎಂದ ಜೊತೆಗೆ ಬಂದಿದ್ದ ಮಲ್ಲಿನಾಥ, ಅವಳು ಬಾಯಿ ತೆರೆಯುವ ಮೊದಲೇ, ಹಣೆ ಒರೆಸಿಕೊಂಡ, ಆಗ ಕಂಡಿತು ಹೆಬ್ಬೆರಳಿನ ಉಗುರುಸಂದಿಯಲ್ಲಿ ನೀಲಿ, ಗೋದಾಮಿನ ನೆಲಕ್ಕಂಟಿದ ಪಾಷಾಣದ ಬಿಲ್ಲೆಗಳನ್ನು ಕೆರೆದು ತೆಗೆದ ನೀಲಿ. ಇಟ್ಟದ್ದಕ್ಕಲ್ಲ ಸಿಟ್ಟು, ಗೋದಾಮು ಎಂದ ಮೇಲೆ ಇಲಿ ಇದ್ದೇ ಇರುತ್ತವೆ, ಅವಳಿಗೊಂದು ಮಾತು ಹೇಳಬಹುದಿತ್ತು, ಹೋಗಲಿ — ಟ್ರೇ ನೋಡಿದ ಕೂಡಲೇ ಅವನಿಗೆ ಅರ್ಥವಾಗಿದೆ, ಅರ್ಥವಾಗಿಯೂ ಬೆಕ್ಕನ್ನೆತ್ತಿಕೊಂಡು ಓಡಿಲ್ಲ, ಕೆಳಗಿಳಿದು ಮೊಣಕಾಲೂರಿ ಬಿಲ್ಲೆ ಆಯ್ದಿದ್ದಾನೆ, ಇಲ್ಲಿಗೆ ಬಂದು ಸಾಯುವ ಜೀವದ ಎದುರಿಗೇ ಇಲ್ಲ ಎಂದಿದ್ದಾನೆ, ಅವಳು ಕಾಣದಿದ್ದರೆ ತಪ್ಪು ಇಂಜೆಕ್ಷನ್ ಕೊಡಿಸಿ, ಸತ್ತ ಮೇಲೆ ಅಶ್ವಿನಿಗೆ ತಾನೇ ಫೋನ್ ಮಾಡಿ ಸಮಾಧಾನ ಹೇಳುತ್ತಿದ್ದ, ಹೇಳುತ್ತಿದ್ದ, ಅದೇ ಮೆತ್ತನೆಯ ದನಿಯಲ್ಲಿ. ಇಟ್ಟಾರ್ರೀ ಡಾಕ್ಟರ್, ನೀಲಿ ಬಿಲ್ಲಿ ಇಟ್ಟಾರ — ಸಿಟ್ಟಿನಲ್ಲಿ ಕನ್ನಡವೇ ಬಂತು, ಡಾಕ್ಟರಿಗೆ ತಿಳಿಯಲಿಲ್ಲ, ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದಳು, ಗಂಡನ ಮುಖ ನೋಡಿಕೊಂಡೇ ಹೇಳಿದಳು. ಸೂಜಿ ಚುಚ್ಚಿ ಆಯಿತು, ಬದುಕಬಹುದು ಎಂದಿದ್ದಾರೆ, ಬಹುದು, ಮತ್ತೆ ನಾಳೆಯ ಟ್ರೇ ನೋಡಬೇಕು. ಜಯಾ, ಚಾ ಕುಡಿ. ಎದುರಿಗೆ ಬಂದು ನಿಂತಿದ್ದಾನೆ, ನೀ ಏನಂತಿ ಅಂತ ಅಂಜಿದ್ದೆ, ಅನ್ನುತ್ತಿದ್ದಾನೆ, ಬರೇ ಅಂಜಿದ್ದೆ, ಅಂಜಿದ್ದನಂತೆ, ಅವಳು ಮುಖ ಎತ್ತುವುದಿಲ್ಲ, ಕಾಗದದ ಲೋಟ, ಅದರ ಅಂಚಿಗೆ ಹೆಬ್ಬೆರಳು, ಸಾಬೂನು ಹಚ್ಚಿ ತೊಳೆದು ಬಂದಿದ್ದಾನೆ, ಚರ್ಮ ಕೆಂಪಾಗುವಂತೆ ತಿಕ್ಕಿದ್ದಾನೆ, ಉಗುರಿನ ಸಂದಿಯಲ್ಲಿ ಇನ್ನೂ ನೀಲಿ, ನೀಲಿ